ಬೂದಿಯ ಮೇಲೆ ವಿಹಾರ

ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪಕ್ಕೆ ರಜಾ ಕಳೆಯಲು ಹೊರಡುವವರು ಜ್ವಾಲಾಮುಖಿ ನೋಡಲೆಂದೇ ಯೋಜನೆ ಹಾಕುತ್ತಾರೆ. ಹಾಕಲಿ, ವಿಹಾರವು ಪಾಪವೆಂದು ನಾವೆಂದೂ ಹೇಳಿದವರಲ್ಲ. ಆದರೆ ಅವರು ನೋಡಹೊರಟಿರುವುದು ಏನನ್ನು?

1995ರ ಜುಲೈಯಲ್ಲಿ ಸೂಫ್ರಿಯೇರ್ ಬೆಟ್ಟ ಸಿಡಿಯಲಾರಂಭಿಸಿತು. ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. 1997ರ ಜೂನ್ 25ರಂದು ಬೆಂಕಿಯ ಪ್ರವಾಹವಿಳಿದು 19 ಜನ ಸತ್ತರು. ನಿಷೇಧವಿದ್ದರೂ ಅವರಲ್ಲಿ ಕೆಲವರು ಅಲ್ಲಿಗೆ ಹೋಗಿದ್ದುದು ಬೆಳೆ ನೋಡಿಕೊಳ್ಳಲು. ಹೊಲ ಬಿಟ್ಟರೆ ಹೊಟ್ಟೆಗೇನು?

ಬೆಟ್ಟಕ್ಕೆ ಒಡೆಯರಿಲ್ಲ, ನಿಜ, ದ್ವೀಪಕ್ಕಿದ್ದಾರೆ. ಅದು ಇಂದಿಗೂ ಬ್ರಿಟನ್ನಿನ ಅಧೀನ. ಆ ವರ್ಷವೇ ಹೆಚ್ಚು ನೆರವು ಕೇಳಿದ ದ್ವೀಪದವರನ್ನು, ಇನ್ನು ಇವರು ಚಿನ್ನದ ಆನೆಗಳನ್ನೇ ಕೇಳಿಯಾರೆಂದು ಬ್ರಿಟಿಷ್ ಮಂತ್ರಿ ಕ್ಲೇರ್ ಶಾರ್ಟ್ ಹಂಗಿಸಿದರು. ಆಕೆ ಲೇಬರ್ ಪಕ್ಷದವರೆಂಬುದೇ ನಮಗೆ ನಾಚಿಕೆ. ಸುಮಾರು 11,000 ಜನರಿದ್ದ ನೆಲದಲ್ಲಿ ಇಂದು 5,000 ಮಂದಿಯೂ ಇಲ್ಲ.

ಪ್ಲಿಮತ್‌ನ ಪಾಳುಮನೆಗಳನ್ನು ಈಗ ಮಾರ್ಗದರ್ಶಕರು ತೋರಿಸುತ್ತಾರೆ. ಹೋಗುವವರು ಹಣ ಕಟ್ಟುವ ಮುಂಚೆ ವಿಚಾರಿಸಲಿ: ತಂಗುವ ಮನೆ, ಕರೆದೊಯ್ಯುವ ಕಾರು ದ್ವೀಪದವರದೇ ಹೌದೇ? ಮಾರ್ಚ್ 17ಕ್ಕೆ ತಲುಪಿದರೆ ಮತ್ತೂ ಲೇಸು. 1768ರಲ್ಲಿ ಅದೇ ದಿನ ಅಲ್ಲಿನ ಗುಲಾಮರು ದಂಗೆಗೆ ಸಜ್ಜಾಗಿ ಸೋತಿದ್ದರು. ಅವರ ನೆನಪಿಗೆ ಅಂದು ದ್ವೀಪಕ್ಕೆಲ್ಲ ರಜೆ.