ಅಗ್ಗದ ಪ್ರವಾಸದ ಬೆಲೆಯನ್ನು ತೆರುವವರು ಯಾರು?

ಶುಕ್ರವಾರ ರಾತ್ರಿ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹೊರಟ ಕಾರು, ಬೈಕುಗಳು ಶನಿವಾರ ಬೆಳಗಾಗುವಷ್ಟರಲ್ಲಿ ಚಿಕ್ಕಮಗಳೂರಿನ ಕೈಮರದ ತಪಾಸಣಾ ಠಾಣೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ನಾಲ್ವರು ಹಂಚಿಕೊಂಡರೆ ಪೆಟ್ರೋಲಿನ ಖರ್ಚು ಹಗುರ, ಬುತ್ತಿ ಮನೆಯದು, ಗಾಳಿಗೂ ಮಂಜಿಗೂ ಯಾರೂ ಹಣ ಕೇಳುವುದಿಲ್ಲ. ಭಾನುವಾರ ರಾತ್ರಿ ಮನೆ ಸೇರಿದವರಿಗೆ ‘ಕಡಿಮೆ ಖರ್ಚಿನಲ್ಲಿ ಮುಗಿಯಿತು’ ಎಂಬ ಸಮಾಧಾನ. ಆದರೆ ಪ್ರವಾಸಿಯ ಜೇಬಿನಿಂದ ಹೋಗದ ಹಣ ಲೆಕ್ಕದಿಂದ ಅಳಿಸಿಹೋಗುವುದಿಲ್ಲ. ಅದನ್ನು ಬೇರೆ ಯಾರೋ ತೆರುತ್ತಿರುತ್ತಾರೆ.

ಮೊದಲು ತೆರುವುದು ಬೆಟ್ಟ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಆಸುಪಾಸಿನ ಹುಲ್ಲುಗಾವಲು ಬರಿಯ ಹಸಿರು ಹಾಸಲ್ಲ. ಮುಂಗಾರಿನ ನೀರನ್ನು ಹುಲ್ಲಿನ ಬೇರೂ ಸಡಿಲ ಮಣ್ಣೂ ಹೀರಿಟ್ಟುಕೊಂಡು, ಬೇಸಿಗೆಯುದ್ದಕ್ಕೂ ಕೆಳಗಿನ ತೊರೆಗಳಿಗೆ ಬಿಟ್ಟುಕೊಡುತ್ತವೆ. ಚಕ್ರ ಹಾಯ್ದಲ್ಲಿ, ಸಾವಿರಾರು ಕಾಲುಗಳು ತುಳಿದಲ್ಲಿ ಮಣ್ಣು ಗಟ್ಟಿಯಾಗುತ್ತದೆ. ಹೀರಬೇಕಾದ ನೀರು ಹರಿದು ಹೋಗುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ಆಮೇಲೆ ತೆರುವವರು ಊರಿನವರು. ಕಿರಿದಾದ ಘಟ್ಟದ ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದಾಗ ಆಸ್ಪತ್ರೆಗೆ ಹೊರಟ ರೋಗಿಯೂ ಊರಿನ ಬಸ್ಸೂ ಅದೇ ಸಾಲಿನಲ್ಲಿ ಕಾಯಬೇಕಾಗುತ್ತದೆ.

2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಚಾರಣದ ಹಾದಿಯಲ್ಲಿ ಒಮ್ಮೆಗೇ ಜನಸಾಗರ ನೆರೆದ ಬಳಿಕ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿತು. 2025ರ ಸೆಪ್ಟೆಂಬರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳ ದೈನಿಕ ಸಂಖ್ಯೆಗೂ ಮಿತಿ ಬಂತು. ಈ ಕ್ರಮಗಳು ಅಗತ್ಯವೇ. ಆದರೂ ಗೇಟು ಹಾಕಿದ ಮಾತ್ರಕ್ಕೆ ಪ್ರವಾಸದ ಪರಿ ಬದಲಾಗದು. ಒಂದು ಬೆಟ್ಟಕ್ಕೆ ಅನುಮತಿ ಸಿಗದ ಗುಂಪು ಪಕ್ಕದ ಬೆಟ್ಟವನ್ನು ಹುಡುಕುತ್ತದೆ.

ಹಾಗೆಂದು ನಗರದವರನ್ನು ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ವಾರಕ್ಕೆ ಆರು ದಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವವಳಿಗೆ ಏಳನೆಯ ದಿನ ಮರದ ನೆರಳು ಬೇಕೆನಿಸಿದರೆ ಅದು ಐಷಾರಾಮವಲ್ಲ. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳೂ ಓದಿಗಾಗಿ, ಕೆಲಸಕ್ಕಾಗಿ ಅದೇ ಬಡಾವಣೆಗಳ ಬಾಡಿಗೆ ಕೋಣೆಗಳಲ್ಲಿದ್ದಾರೆ. ತಿರುಗಾಟ ಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಯಾವುದನ್ನು ಮೊದಲು ನೋಡಬೇಕು, ದೂರದ ಊರಿಗೆ ಹೇಗೆ ಹೋಗಬೇಕು ಎಂಬುದು ಪ್ರಶ್ನೆ.

ಮೊದಲು ನೋಡಬೇಕಾದದ್ದು ಮನೆಯ ಹೊಳೆ. ಪಶ್ಚಿಮ ಬೆಂಗಳೂರಿಗೂ ಒಂದು ನದಿಯಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂಬ ನಂಬಿಕೆಯಿಂದ ವೃಷಭಾವತಿ ಎಂಬ ಹೆಸರು ಪಡೆದ ಅದು, ಪಶ್ಚಿಮದ ಬಡಾವಣೆಗಳ ರಾಜಕಾಲುವೆಗಳನ್ನು ಕೂಡಿಕೊಂಡು ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಯತ್ತ ಹರಿಯುತ್ತದೆ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದಿದೆ. ವಿಜಯನಗರದಲ್ಲಿ ಹತ್ತಿದವರಿಗೆ ನಾಯಂಡಹಳ್ಳಿ ದಾಟಿದ ಮೇಲೆ ಈ ಹೊಳೆ ಕಾಣಸಿಗುತ್ತದೆ. ಆದರೆ ಜನ ಅದನ್ನು ‘ಮೋರಿ’ ಎಂದು ಕರೆದು ಮುಖ ತಿರುಗಿಸುತ್ತಾರೆ. ಸ್ವಚ್ಛವಾದ ತೊರೆಯನ್ನು ಹುಡುಕಿಕೊಂಡು 250 ಕಿಲೋಮೀಟರ್ ಹೋಗುವವರು, ದಿನವೂ ದಾಟುವ ಹೊಳೆಯನ್ನು ಒಮ್ಮೆಯೂ ನಿಂತು ನೋಡುವುದಿಲ್ಲ.

ಆ ಮೋರಿಗೂ ಮಲೆಗೂ ನಂಟಿದೆ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಮುಗಿದಂದಿನಿಂದ, ಕೊಡಗಿನಲ್ಲಿ ಹುಟ್ಟಿದ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೇರಿ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಿದೆ. ಪಶ್ಚಿಮದ ಮನೆಗಳಲ್ಲಿ ಪಾತ್ರೆ ತೊಳೆದ, ಬಟ್ಟೆ ಒಗೆದ ಆ ನೀರೇ ಕಾರ್ಖಾನೆಗಳ ಕಲ್ಮಶದೊಡನೆ ವೃಷಭಾವತಿಯಾಗಿ ಬಿಡದಿ ಬಳಿಯ ಬೈರಮಂಗಲದ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಗೆ, ಕಡೆಗೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಮಲೆಯಿಂದ ಬಂದದ್ದು ಕಪ್ಪಾಗಿ ಮರಳುತ್ತದೆ. ಬೈರಮಂಗಲದ ಸುತ್ತಲಿನ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯಬೇಕಾಗಿದೆ. ಈ ದಾರಿಯನ್ನು ಒಂದು ಭಾನುವಾರ ಬಸ್ಸಿನಲ್ಲಿ ಕುಳಿತು ಹಿಂಬಾಲಿಸುವುದಕ್ಕೆ ಹೆಚ್ಚು ಹಣ ಬೇಡ. ಅದು ಮನಸ್ಸಿಗೆ ಹಿತವಾದ ಪ್ರವಾಸವಲ್ಲ, ನಿಜ. ಆದರೆ ಅದನ್ನು ಕಂಡವನು ಮಲೆನಾಡಿನ ತೊರೆಯ ದಡದಲ್ಲಿ ಸುಲಭಕ್ಕೆ ಬಾಟಲಿ ಎಸೆಯಲಾರ.

ಹಿತವಾದ ತಾಣಗಳೂ ಹತ್ತಿರದಲ್ಲೇ ಇವೆ. ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆಗೆ ಹಬ್ಬಿದೆ. ಕಾಲಾಂತರದಲ್ಲಿ ತಾಯಿಬೇರು ಅಳಿದರೂ ಬಿಳಲುಗಳ ಆಸರೆಯಲ್ಲಿ ಮರ ಬದುಕಿದೆ. ಕೆಂಗೇರಿಯಲ್ಲಿ ರೈಲು ಹತ್ತಿ ರಾಮನಗರದಲ್ಲಿ ಇಳಿದರೆ, 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟ ದೂರವಿಲ್ಲ. ನಗರದ ಅಂಚಿನಲ್ಲಿ ತುರಹಳ್ಳಿಯ ಕುರುಚಲು ಕಾಡು ಉಳಿದಿದೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಕಟ್ಟುವ ಆಲೋಚನೆಯನ್ನು ಸುತ್ತಲಿನ ನಾಗರಿಕರೇ ಎದುರಿಸಿ ನಿಂತರು. ಹತ್ತಿರದ ಕಾಡಿನಲ್ಲಿ ಹೆಜ್ಜೆ ಹಾಕಿ ಬಲ್ಲವರಿಂದ ಮಾತ್ರ ಅಂಥ ವಿರೋಧ ಹುಟ್ಟುತ್ತದೆ.

ದೂರದ ಪ್ರವಾಸ ಬೇಡವೆಂದಲ್ಲ. ಅದು ವರ್ಷಕ್ಕೊಮ್ಮೆಯಾಗಲಿ, ನಿಧಾನವಾಗಿರಲಿ, ಬಸ್ಸಿನಲ್ಲಿರಲಿ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವೂ ಬೇಡ. ಬಸ್ಸಿನಲ್ಲಿ ಬಂದವರು ಬೆಟ್ಟದ ಮೇಲೆ ಚಕ್ರ ಹಾಯಿಸುವುದಿಲ್ಲ. ಊರಿನ ಹೋಟೆಲಿನಲ್ಲಿ ಉಣ್ಣುತ್ತಾರೆ, ದಾರಿ ಕೇಳುತ್ತಾರೆ.

ವಾಹನಗಳು ಕಡಿಮೆಯಾದರೆ ಊರಿನ ದುಡಿಮೆಗೆ ಕುತ್ತೆಂಬ ಆತಂಕ ಮಲೆನಾಡಿನಲ್ಲಿದೆ. ಅಡಿಕೆಗೆ ರೋಗ, ಕಾಫಿಗೆ ಅಕಾಲದ ಮಳೆ ತಗಲಿರುವಾಗ ಆ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆಗೆ ಹಿಂದಿರುಗುವ ಕಾರು ಊರಿಗೆ ಬಿಟ್ಟುಹೋಗುವುದು ಹೊಗೆ ಮತ್ತು ಕಸ. ಎರಡು ರಾತ್ರಿ ತಂಗುವ ಒಬ್ಬ ಬಸ್ ಪ್ರಯಾಣಿಕ ಊಟಕ್ಕೆ, ವಸತಿಗೆ, ದಾರಿ ತೋರುವ ಹುಡುಗನಿಗೆ ಹಣ ಕೊಡುತ್ತಾನೆ. ಗ್ರಾಮಸಭೆಗಳು ವಾಹನ ನಿಲ್ಲಿಸಲು ಜಾಗ ಬಿಡುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡಬೇಕು. 2005ರ ಡಿಸೆಂಬರ್ 31ರಂದು ಕುದುರೆಮುಖದ ಗಣಿಗಾರಿಕೆ ನಿಂತದ್ದು ದೀರ್ಘ ಹೋರಾಟದ ಫಲ. ಗಣಿಯ ಲಾರಿಗಳಿಂದ ಪಾರಾದ ನಾಡು ಮೋಜಿನ ಚಕ್ರಗಳಿಗೆ ಸೋಲಬಾರದು.

ಮಲೆನಾಡಿನ ಶಾಲೆಗಳಿಗೂ ಇಲ್ಲಿ ಒಂದು ಕೆಲಸವಿದೆ. ಶೈಕ್ಷಣಿಕ ಪ್ರವಾಸಕ್ಕೆಂದು ಬೆಂಗಳೂರಿಗೆ ಬರುವ ಮಕ್ಕಳಿಗೆ ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಗಳನ್ನು ತೋರಿಸುವುದು ವಾಡಿಕೆ. ಆ ಪಟ್ಟಿಗೆ ಕೆಂಗೇರಿಯ ಹೊಳೆಯೂ ಸೇರಲಿ. ಮನೆಯ ಹಿತ್ತಲಿನ ಹಳ್ಳದಲ್ಲಿ ಮೀನು ಹಿಡಿದು ಬೆಳೆದ ಮಗು ವೃಷಭಾವತಿಯ ದಡದಲ್ಲಿ ಹತ್ತು ನಿಮಿಷ ಮೂಗು ಮುಚ್ಚಿಕೊಂಡಾದರೂ ನಿಲ್ಲಲಿ. ಒಂದು ಹೊಳೆ ಏನಾಗಬಹುದೆಂಬುದನ್ನು ಕಂಡು ಊರಿಗೆ ಮರಳಿದ ಮೇಲೆ, ಆ ಮಗುವಿಗೆ ಹಿತ್ತಲಿನ ಹಳ್ಳವನ್ನು ಕಾಯಬೇಕೆಂದು ಬೇರೆ ಯಾರೂ ಹೇಳಬೇಕಾಗಿರುವುದಿಲ್ಲ.