ಕತ್ತರಿ ಹಿಡಿಯುವ ಮುನ್ನ: ಫ್ರಾನ್ಸಿನ ಹಳೆಯ ವೇಷಭೂಷಣ ಚಿತ್ರಗಳು

ರಜೆಯ ದಿನಗಳಲ್ಲಿ ಮಕ್ಕಳ ಕೈಗೆ ಏನಾದರೊಂದು ಕೆಲಸವಿದ್ದರೆ ಮನೆಗೆ ನೆಮ್ಮದಿ ಎಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿಯೂ ಅಂತಹ ಕೆಲಸವೊಂದು ಸಾಗಿತ್ತು. ಹಳೆಯ ವೃತ್ತಪತ್ರಿಕೆಗಳನ್ನು ಹಾಸಿಕೊಂಡು, ಬಣ್ಣದ ಕಾಗದ, ರಟ್ಟು, ಕತ್ತರಿ, ಅಂಟಿನ ಬಟ್ಟಲುಗಳನ್ನು ಹರವಿಕೊಂಡು, ಮಕ್ಕಳು ಶುಭಾಶಯ ಪತ್ರಗಳನ್ನು ತಯಾರಿಸುತ್ತ ಕುಳಿತಿದ್ದರು. ಅಂಟಿಸಲೆಂದು ಅಚ್ಚು ಹಾಕಿಸಿ ತಂದ ಚಿತ್ರಗಳಲ್ಲಿ ಫ್ರಾನ್ಸ್ ದೇಶದ ಒಬ್ಬ ಮಹಿಳೆಯ ಚಿತ್ರವಿತ್ತು. ಆಕೆಯ ತಲೆಗೂದಲು ಗೋಪುರದಂತೆ ಮೇಲೆದ್ದಿತ್ತು. ಅದರ ತುದಿಯಲ್ಲಿ ಹಾಯಿ ಬಿಚ್ಚಿದ ಒಂದು ಹಡಗು!

"ಅಜ್ಜಾ, ಈಕಿ ತಲಿ ಮ್ಯಾಲ ಹಡಗು ಯಾಕ ಇಟ್ಕೊಂಡಾಳ?" ಎಂದು ಮೊಮ್ಮಗಳು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗುವಿನ ಪ್ರಶ್ನೆಗೆ ನಕ್ಕು ಸುಮ್ಮನಾಗುವುದು ಸುಲಭ. ಆದರೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಹುಡುಕಲು ಹೊರಟಾಗ ತಿಳಿದುಬಂದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದೇ ಈ ತಿಂಗಳ ನಮ್ಮ ಅಂಕಣದ ಉದ್ದೇಶ.

ತಲೆಯ ಮೇಲಿನ ಸಮಾಚಾರ

ಆ ಹಡಗಿಗೆ ಒಂದು ಹೆಸರಿದೆ, ಬೆಲ್ ಪೂಲ್. 1778ರ ಜೂನ್ 17ರಂದು ಫ್ರಾನ್ಸಿನ ಈ ಯುದ್ಧನೌಕೆಗೂ ಇಂಗ್ಲೆಂಡಿನ ಅರೆಥೂಸಾ ಎಂಬ ನೌಕೆಗೂ ಕಾಳಗ ನಡೆಯಿತು. ಬೆಲ್ ಪೂಲ್ ಶರಣಾಗದೆ ಉಳಿದುದನ್ನು ಫ್ರೆಂಚರು ವಿಜಯವೆಂದೇ ಕೊಂಡಾಡಿದರು. ಆ ಸಂಭ್ರಮವೇ ಕೇಶವಿನ್ಯಾಸದ ರೂಪ ತಾಳಿ ಚಿತ್ರಪಟಗಳಲ್ಲಿ ಅಚ್ಚಾಯಿತು.

ಇದಕ್ಕೆ ನಾಲ್ಕು ವರ್ಷ ಮೊದಲೇ ಇಂತಹ ಇನ್ನೊಂದು ವಿನ್ಯಾಸ ಬಂದಿತ್ತು. 1774ರ ಮೇ ತಿಂಗಳಲ್ಲಿ ದೊರೆ ಹದಿನೈದನೆಯ ಲೂಯಿ ಸಿಡುಬಿನಿಂದ ತೀರಿಕೊಂಡನು. ಮರುತಿಂಗಳೇ ಹೊಸ ದೊರೆ ಹದಿನಾರನೆಯ ಲೂಯಿ ಧೈರ್ಯ ಮಾಡಿ ಸಿಡುಬಿನ ಚುಚ್ಚುವಿಕೆ ಮಾಡಿಸಿಕೊಂಡನು. ಅದರ ನೆನಪಿಗಾಗಿ ಹೆಂಗಸರ ಮುಡಿಯ ಮೇಲೆ ವೈದ್ಯವಿದ್ಯೆಯ ಸಂಕೇತವಾದ ಹಾವು, ಉದಯಿಸುವ ಸೂರ್ಯ ಮತ್ತು ಆಲಿವ್ ಮರ ಕಾಣಿಸಿಕೊಂಡವು. ಅಂದರೆ ಆ ಕಾಲದ ಮುಡಿಯು ಕೇವಲ ಸಿಂಗಾರವಾಗಿರದೆ ಊರಿಗೆಲ್ಲ ಸುದ್ದಿ ಸಾರುವ ಪತ್ರಿಕೆಯೂ ಆಗಿತ್ತು.

ಈ ಬಗೆಯ ಚಿತ್ರಗಳ ಪ್ರಸಿದ್ಧ ಮಾಲೆಯೆಂದರೆ ಪ್ಯಾರಿಸ್ಸಿನಲ್ಲಿ 1778ರಿಂದ 1787ರವರೆಗೆ ಕಂತು ಕಂತಾಗಿ ಹೊರಬಂದ 'ಗಾಲರಿ ದೆ ಮೋದ್'. ಇದರಲ್ಲಿ 400ಕ್ಕೂ ಹೆಚ್ಚು ಚಿತ್ರಪಟಗಳಿವೆ. ಇವೆಲ್ಲವನ್ನೂ ಜನರು ನಿಜವಾಗಿ ಧರಿಸಿದರೆಂದು ತಿಳಿಯಬೇಕಾಗಿಲ್ಲ. ಇವು ಒಂದು ರೀತಿಯಲ್ಲಿ ವ್ಯಾಪಾರದ ಜಾಹೀರಾತುಗಳೂ ಹೌದು. ಆದರೆ ಮುಡಿ ಎತ್ತರವಾಗಿತ್ತೆಂಬುದು ಸುಳ್ಳಲ್ಲ. ಗಾಡಿಯೊಳಗೆ ನೆಟ್ಟಗೆ ಕೂರಲಾಗದೆ ಹೆಂಗಸರು ಮಂಡಿಯೂರಿ ಪಯಣಿಸುತ್ತಿದ್ದುದನ್ನು ರಾಣಿ ಮರೀ ಆಂತ್ವಾನೆತ್ತಳ ಪರಿಚಾರಿಕೆಯಾಗಿದ್ದ ಮದಾಮ್ ಕಾಂಪಾನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಆ ಮುಡಿಗೆ ಉದುರಿಸುತ್ತಿದ್ದ ಬಿಳಿಯ ಪುಡಿ ಯಾವುದೆಂದು ಬಲ್ಲಿರಾ? ಅದು ಹೆಚ್ಚಾಗಿ ಗೋದಿಯ ಪಿಷ್ಟ. 1775ರ ವಸಂತದಲ್ಲಿ ಧಾನ್ಯದ ಬೆಲೆ ಏರಿ, ರೊಟ್ಟಿ ಸಿಗದೆ, ಜನರು ದಂಗೆಯೆದ್ದರು. ಚರಿತ್ರೆಯಲ್ಲಿ ಅದಕ್ಕೆ 'ಹಿಟ್ಟಿನ ಯುದ್ಧ' ಎಂದೇ ಹೆಸರು. ಒಂದೇ ದೇಶದಲ್ಲಿ ಕೆಲವರ ತಲೆಯ ಮೇಲೆ ಗೋದಿ, ಹಲವರ ತಟ್ಟೆಯಲ್ಲಿ ಶೂನ್ಯ! ಚಿತ್ರದ ಅಂದವನ್ನು ಮೆಚ್ಚುವುದು ಬೇರೆ, ಅದರ ಆಡಂಬರಕ್ಕೆ ಮಾರುಹೋಗುವುದು ಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬಣ್ಣ ತುಂಬಿದ ಕೈಗಳು

1789ರ ಮಹಾಕ್ರಾಂತಿಯ ಬಳಿಕ ಆ ಗೋಪುರಗಳು ಉರುಳಿದವು. 1797ರಿಂದ 1839ರವರೆಗೆ ನಡೆದ 'ಜುರ್ನಾಲ್ ದೆ ದಾಮ್ ಎ ದೆ ಮೋದ್' ಪತ್ರಿಕೆಯ ಮೊದಲ ವರ್ಷಗಳ ಚಿತ್ರಗಳನ್ನು ನೋಡಿದರೆ ಗ್ರೀಕ್ ಶಿಲ್ಪಗಳನ್ನು ಹೋಲುವ ಸರಳ ಕೇಶವಿನ್ಯಾಸ, ತೆಳುವಾದ ಬಿಳಿಯ ಉಡುಪು, ಹೆಗಲ ಮೇಲೆ ನಮ್ಮ ಕಾಶ್ಮೀರದ ಶಾಲು ಕಾಣಸಿಗುತ್ತವೆ. 1827ರಲ್ಲಿ ಈಜಿಪ್ಟಿನ ಅಧಿಪತಿ ಕಾಣಿಕೆಯಾಗಿ ಕಳುಹಿಸಿದ ಜಿರಾಫೆಯೊಂದು ಪ್ಯಾರಿಸ್ಸಿಗೆ ಬಂದಾಗ ತುರುಬು ಮತ್ತೆ ನೆಟ್ಟಗೆ ಎದ್ದು ನಿಂತಿತು. ಅದಕ್ಕೆ ಜಿರಾಫೆಯ ಹೆಸರೇ ಬಂದಿತು.

ಆಗ ಬಣ್ಣದ ಮುದ್ರಣ ಇಂದಿನಂತಿರಲಿಲ್ಲ. ಲೋಹದ ಫಲಕದ ಮೇಲೆ ಗೆರೆ ಕೊರೆದು, ಕಪ್ಪು ಮಸಿಯಲ್ಲಿ ಅಚ್ಚು ತೆಗೆದು, ಒಂದೊಂದು ಪ್ರತಿಗೂ ಕೈಯಿಂದಲೇ ಜಲವರ್ಣ ಹಚ್ಚಬೇಕಿತ್ತು. ಕುಂಚ ಹಿಡಿದವರಲ್ಲಿ ಬಹುಮಂದಿ ಹೆಂಗಸರು. ಆ ಪಟಗಳ ಮೇಲೆ ಅವರ ಹೆಸರಿಲ್ಲ. ಹೆಸರಿಲ್ಲದ ಆ ಕಾಯಕವೇ ಇಂದು ನಮ್ಮ ಕಣ್ಣಿಗೆ ಹಬ್ಬವಾಗಿದೆ.

ಹೆಸರು ಉಳಿದ ಮಹಿಳೆಯರೂ ಇದ್ದಾರೆ. ಚಿತ್ರಕಾರ ಅಲೆಕ್ಸಾಂದ್ರ್ ಮರೀ ಕೊಲಾಂ ಅವರ ಪುತ್ರಿಯರಾದ ಎಲೊಯೀಸ್, ಅನಾಯಿಸ್ ಮತ್ತು ಲೋರ್, ಮೂವರು ಸೋದರಿಯರೂ ತಂದೆಯ ವಿದ್ಯೆಯನ್ನು ಕಲಿತು ವೇಷಭೂಷಣದ ಪತ್ರಿಕೆಗಳಿಗೆ ಚಿತ್ರ ಬರೆದರು. ಅನಾಯಿಸ್ ತೂದೂಜ್ (1822–1899) ಅವರ ಪತಿ 1854ರಲ್ಲಿ ತೀರಿಕೊಂಡರು. ಆಕೆ ಚಿತ್ರಕಲೆಯನ್ನು ಬಿಡದೆ ಮುಂದುವರಿಸಿದರು. ಮುಂದೆ ಮಗಳು ಇಸಾಬೆಲ್ ಕೂಡ ಅದೇ ವೃತ್ತಿ ಹಿಡಿದರು. ಮಕ್ಕಳನ್ನು ಮುದ್ದಿಸುವ ತಾಯಿ, ಪಿಯಾನೋ ಮುಂದೆ ಕುಳಿತ ತರುಣಿ ಮುಂತಾದ ಆ ಕಾಲದ ಚಿತ್ರಗಳನ್ನು ಕಂಡಾಗ ಅವುಗಳ ಹಿಂದೆ ದುಡಿದ ಇಂತಹ ತಾಯಂದಿರೂ ನೆನಪಾಗಬೇಕು.

ತರುವಾಯದ ಕಾಲದಲ್ಲಿ ಹೆಸರಾದದ್ದು 1912ರಲ್ಲಿ ಲೂಸ್ಯಾಂ ವೋಗೆಲ್ ಆರಂಭಿಸಿದ 'ಗಜೆತ್ ದ್ಯು ಬೊಂ ತೊಂ'. 1925ರವರೆಗೆ ಬಂದ ಈ ಪತ್ರಿಕೆಯಲ್ಲಿ 'ಪೊಶ್ವಾರ್' ಎಂಬ ವಿಧಾನವಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ತೆಳು ತಗಡನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಚಿತ್ರದ ಮೇಲಿರಿಸಿ, ಕುಂಚದಿಂದ ಬಣ್ಣ ಒತ್ತುತ್ತಿದ್ದರು. ಬಣ್ಣಗಳು ದಟ್ಟವಾಗಿಯೂ ಅಂಚುಗಳು ಸ್ಪಷ್ಟವಾಗಿಯೂ ಇರುವುದರಿಂದ ಕಾಗದದ ಕೆಲಸಕ್ಕೆ ಇವು ಬಹಳ ಒಪ್ಪುತ್ತವೆ.

ಕತ್ತರಿಯ ಹುಚ್ಚು

ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಹವ್ಯಾಸವೂ ಆ ದೇಶಕ್ಕೆ ಹೊಸದಲ್ಲ. 'ದೆಕುಪಾಜ್' ಎಂಬ ಹೆಸರೇ ಕತ್ತರಿಸುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿದೆ. ಪ್ಯಾರಿಸ್ಸಿನಲ್ಲಿದ್ದ ಐಸೆ ಎಂಬ ಮಹಿಳೆ 1727ರಲ್ಲಿ ಜಿನೀವಾದ ತಮ್ಮ ಗೆಳತಿಗೆ ಬರೆದ ಪತ್ರವೊಂದರಲ್ಲಿ ಈ ಹುಚ್ಚನ್ನು ವರ್ಣಿಸಿದ್ದಾರೆ. ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಬಣ್ಣದ ಚಿತ್ರಪಟಗಳನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ವಾರ್ನಿಶ್ ಬಳಿದು, ಗೋಡೆಯ ಹಲಗೆ ಹಾಗೂ ತಡಿಕೆಗಳನ್ನು ಸಿಂಗರಿಸುತ್ತಿದ್ದರಂತೆ. ನೂರು ಲಿವ್ರ್ ಬೆಲೆಯ ಪಟಗಳಿಗೂ ಕತ್ತರಿ ಹಾಕುವವರಿದ್ದಾರೆಂದು ಆಕೆ ಬೆರಗುಗೊಂಡಿದ್ದಾರೆ.

ಆ ಬೆರಗು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಏಕೆಂದರೆ ನಾವೂ ಒಮ್ಮೆ ಅಂತಹ ಅಪರಾಧ ಮಾಡಿದವರೇ. ಬಹಳ ವರ್ಷಗಳ ಹಿಂದೆ, ಮಗನ ಶಾಲೆಯ ಪ್ರದರ್ಶನಕ್ಕೆಂದು, ತೀರ್ಥರೂಪರು ರಟ್ಟು ಕಟ್ಟಿಸಿ ಇರಿಸಿದ್ದ ಹಳೆಯ ಮಾಸಪತ್ರಿಕೆಯ ಸಂಪುಟದಿಂದ ಐದಾರು ಚಿತ್ರಗಳನ್ನು ಕತ್ತರಿಸಿ ತೆಗೆದೆವು. ಪ್ರದರ್ಶನ ಒಂದು ದಿನದಲ್ಲಿ ಮುಗಿಯಿತು. ಮುಂದೆ ತಂದೆಯವರು ಲಿಂಗೈಕ್ಯರಾದ ಮೇಲೆ ಆ ಸಂಪುಟವನ್ನು ತೆರೆದಾಗ, ಅವರು ಪೆನ್ಸಿಲ್ಲಿನಿಂದ ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಗಳು ಅಲ್ಲಲ್ಲಿ ಅರ್ಧಕ್ಕೇ ತುಂಡಾಗಿದ್ದವು. ಚಿತ್ರದ ಬೆನ್ನಿಗೆ ಏನಿತ್ತೆಂದು ನಾವು ಅಂದು ತಿರುಗಿಸಿ ನೋಡಿರಲಿಲ್ಲ.

ಫ್ರಾನ್ಸಿನ ಹಳೆಯ ಪತ್ರಿಕೆಗಳಿಗೂ ಇದೇ ಗತಿಯಾಗಿದೆ. ಚಿತ್ರಗಳನ್ನು ಬಿಡಿ ಬಿಡಿಯಾಗಿ ಮಾರಲು ಅನೇಕ ಸಂಪುಟಗಳನ್ನು ಹರಿದಿದ್ದಾರೆ. ಉಡುಪಿನ ಬಟ್ಟೆ ಯಾವುದು, ಯಾವ ಹೊತ್ತಿಗೆ ತೊಡುವಂತಹುದು ಎಂಬ ವಿವರಣೆ ಬೇರೆಯ ಪುಟದಲ್ಲಿರುತ್ತಿತ್ತು. ಪಟವು ಕಿತ್ತುಬಂದಾಗ ಅದರ ಮಾತು ಹಿಂದೆಯೇ ಉಳಿಯಿತು. ಆದಕಾರಣ ನಮ್ಮ ಮೊದಲ ಬಿನ್ನಹವಿಷ್ಟೆ: ಮೂಲವನ್ನು ಕತ್ತರಿಸದಿರಿ, ನಕಲನ್ನು ಕತ್ತರಿಸಿರಿ.

ಮನೆಯಲ್ಲಿ ಮಾಡುವ ಬಗೆ

ನಕಲು ದೊರೆಯುವುದು ಈಗ ಕಷ್ಟವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 2017ರಲ್ಲಿಯೂ, ಪ್ಯಾರಿಸ್ ನಗರದ ವಸ್ತುಸಂಗ್ರಹಾಲಯಗಳು 2020ರಲ್ಲಿಯೂ ಹಕ್ಕುಸ್ವಾಮ್ಯ ಮುಗಿದ ತಮ್ಮ ಕೃತಿಗಳ ಲಕ್ಷಾಂತರ ಚಿತ್ರಗಳನ್ನು ಎಲ್ಲರ ಉಪಯೋಗಕ್ಕೆ ಉಚಿತವಾಗಿ ತೆರೆದಿವೆ. ಅಂತರಜಾಲದಿಂದ ಅವುಗಳನ್ನು ಪಡೆದು ಅಚ್ಚು ಹಾಕಿಸಬಹುದು. ಆದರೆ ಹಳೆಯದೆಲ್ಲವೂ ಮುಕ್ತವೆಂದು ಭಾವಿಸಬಾರದು. ನಮ್ಮ ದೇಶದ ಕಾನೂನಿನಂತೆ ಕಲಾವಿದರು ಗತಿಸಿ 60 ವರ್ಷ ಕಳೆಯಬೇಕು. ಜಾರ್ಜ್ ಬಾರ್ಬಿಯೇ 1932ರಲ್ಲಿ ಗತಿಸಿದರು, ಅವರ ಚಿತ್ರಗಳಿಗೆ ಅಡ್ಡಿಯಿಲ್ಲ. ಅದೇ 'ಗಜೆತ್'ಗೆ ಬರೆದ ಜಾರ್ಜ್ ಲೆಪಾಪ್ ಗತಿಸಿದ್ದು 1971ರಲ್ಲಿ. ಅವರ ಚಿತ್ರಗಳನ್ನು ಹಾಕಿ ಕಾರ್ಡು ಮಾಡಿ ಮಾರುವುದು ಸಲ್ಲದು.

ಅಚ್ಚು ಹಾಕಿಸುವಾಗ ಸಾಧ್ಯವಾದರೆ ಲೇಸರ್ ಯಂತ್ರದಲ್ಲಿ ಹಾಕಿಸಿರಿ. ಇಂಕ್‌ಜೆಟ್ ಯಂತ್ರದ ಬಣ್ಣವು ಅಂಟಿನ ತೇವಕ್ಕೆ ಹರಡುವುದುಂಟು. ಕಾಗದ ತೀರ ತೆಳುವಾಗಿದ್ದರೆ ಸುಕ್ಕುಗಟ್ಟುತ್ತದೆ, ಆದ್ದರಿಂದ 100ರಿಂದ 120 ಜಿ.ಎಸ್.ಎಂ. ಕಾಗದ ಉತ್ತಮ. ಕತ್ತರಿಸುವಾಗ ಒಳಗಿನ ಕಿಂಡಿಗಳನ್ನು ಮೊದಲು ತೆಗೆದು, ಹೊರ ಅಂಚನ್ನು ಕೊನೆಗೆ ಕತ್ತರಿಸಬೇಕು. ಕತ್ತರಿಯನ್ನು ಸ್ಥಿರವಾಗಿ ಹಿಡಿದು ಕಾಗದವನ್ನು ತಿರುಗಿಸಿದರೆ ಸುರುಳಿಗೂದಲಿನಂತಹ ಕಡೆಗಳಲ್ಲಿಯೂ ಅಂಚು ನಯವಾಗಿ ಬರುತ್ತದೆ. ಅಂಟನ್ನು ತೆಳ್ಳಗೆ ಬಳಿದು, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಯನ್ನು ಹೊರದೂಡಿರಿ. ಹಳೆಯ ಡಬ್ಬಿಯ ಮೇಲೆ ಅಂಟಿಸಿದ್ದಾದರೆ, ಪೂರ್ತಿ ಒಣಗಿದ ಮೇಲೆಯೇ ವಾರ್ನಿಶ್ ಬಳಿಯಿರಿ.

ಇನ್ನೊಂದು ಬಗೆಯನ್ನೂ ಹೇಳಬೇಕು. ಫ್ರಾನ್ಸಿನ ವೇಷಭೂಷಣ ಪಟಗಳಿಗೆ ನಿಜವಾದ ಬಟ್ಟೆ ತೊಡಿಸುವ ಪದ್ಧತಿ 17ನೆಯ ಶತಮಾನದ ಕೊನೆಗೇ ಇತ್ತು. ಚಿತ್ರದಲ್ಲಿನ ಉಡುಪಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಹಿಂಬದಿಯಿಂದ ರೇಷ್ಮೆಯ ತುಣುಕನ್ನು ಅಂಟಿಸುತ್ತಿದ್ದರು. ಮುಖ, ಕೈ, ಮುಡಿ ಕಾಗದದವು, ಉಡುಪು ಮಾತ್ರ ಬಟ್ಟೆಯದು. ರವಿಕೆ ಹೊಲಿಸಿ ಉಳಿದ ಚೂರುಗಳು ಯಾರ ಮನೆಯಲ್ಲಿಲ್ಲ? ಮಡಿಕೆಯ ಗೆರೆಗಳನ್ನು ಉಳಿಸಿಕೊಂಡು ಕತ್ತರಿಸಿದರೆ ಬಟ್ಟೆ ನೆರಿಗೆಗೊಂಡಂತೆಯೇ ತೋರುತ್ತದೆ. ಖರ್ಚಿಲ್ಲದ, ತಾಳ್ಮೆ ಕಲಿಸುವ ಕೆಲಸವಿದು.

ಕೊನೆಯದಾಗಿ, ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ ಇದೆ. ಚಿತ್ರ ಅಂಟಿಸಿದ ಪ್ರತಿಯೊಂದು ಪತ್ರದ ಬೆನ್ನಿಗೆ, ಚಿತ್ರ ಯಾವ ವರ್ಷದ್ದು, ಯಾರದು, ಎಲ್ಲಿಂದ ತೆಗೆದುಕೊಂಡದ್ದು ಎಂಬುದನ್ನು ಬರೆಯಬೇಕು. ಹೆಸರು ತಿಳಿಯದಿದ್ದಲ್ಲಿ 'ಬಣ್ಣ ಹಚ್ಚಿದವರ ಹೆಸರು ತಿಳಿಯದು' ಎಂದಾದರೂ ಬರೆಯಬೇಕು. ಮೊಮ್ಮಗಳು ತನ್ನ ಸೋದರತ್ತೆಗೆ ಕಳುಹಿಸಿದ ಪತ್ರದ ಹಿಂದೆ ದುಂಡಗಿನ ಅಕ್ಷರಗಳಲ್ಲಿ ಬರೆದಳು: "ಹಡಗಿನ ಹೆಸರು ಬೆಲ್ ಪೂಲ್. 1778." ವಾರದೊಳಗೆ ಸೋದರತ್ತೆಯಿಂದ ಉತ್ತರ ಬಂದಿತು. ಪತ್ರ ಚೆನ್ನಾಗಿದೆ ಎಂಬ ಮಾತಿಗಿಂತ ಮೊದಲು ಅದರಲ್ಲಿದ್ದುದು ಒಂದು ಪ್ರಶ್ನೆ: ಆ ಹಡಗಿನ ಕಥೆ ಏನು?

ಉತ್ತರ ಬರೆಯಲು ಮಗುವೇ ಕುಳಿತಿತು. ಈ ಸಲ ಅದು ನಮ್ಮನ್ನು ಏನೂ ಕೇಳಲಿಲ್ಲ.