ನಳಪಾಕವಿದೆ, ದಮಯಂತೀಪಾಕ ಎಲ್ಲಿದೆ?

ಅಡುಗೆ ಚೆನ್ನಾಗಿದ್ದರೆ ನಾವು ಅದನ್ನು ನಳಪಾಕ ಎನ್ನುತ್ತೇವೆ, ಇಲ್ಲವೇ ಭೀಮಪಾಕ ಎನ್ನುತ್ತೇವೆ. ನಳ ಅಡುಗೆ ಮಾಡಿದ್ದು ಋತುಪರ್ಣನ ಆಸ್ಥಾನದಲ್ಲಿ, ಬಾಹುಕನೆಂಬ ಹೆಸರಿನಲ್ಲಿ. ಭೀಮ ಸೌಟು ಹಿಡಿದದ್ದು ವಿರಾಟನ ಮನೆಯಲ್ಲಿ, ಅಜ್ಞಾತವಾಸದ ಒಂದು ವರ್ಷ. ಇಬ್ಬರಿಗೂ ಅದು ವೇಷ. ವನವಾಸದ ಹನ್ನೆರಡು ವರ್ಷ ಬಂದುಹೋದವರಿಗೆಲ್ಲ ಬಡಿಸಿ ಕೊನೆಯಲ್ಲಿ ಉಂಡವಳು ದ್ರೌಪದಿ. ಅವಳ ಹೆಸರಿನಲ್ಲಿ ಒಂದು ಪಾಕವೂ ಇಲ್ಲ. ಬಾಹುಕ ಮಾಡಿದ ಅಡುಗೆಯ ತುಣುಕನ್ನು ಬಾಯಿಗಿಟ್ಟೊಡನೆ ಇದು ನನ್ನ ಗಂಡನ ಕೈರುಚಿ ಎಂದು ಗುರುತಿಸಿದವಳು ದಮಯಂತಿ. ಆ ನಾಲಿಗೆಗೂ ಹೆಸರು ಬರಲಿಲ್ಲ.

ಪುರಾಣದ ಮಾತು ಈಗೇಕೆ ಎನ್ನುವವರು ಟೀವಿ ಹಾಕಲಿ. ಕನ್ನಡದ ಟೀವಿ ಅಡುಗೆ ಎಂದೊಡನೆ ನೆನಪಾಗುವ ಹೆಸರು ಸಿಹಿಕಹಿ ಚಂದ್ರು. ಅವರು ಮೂಲತಃ ನಟರು. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿಕಹಿ’ ಧಾರಾವಾಹಿ ಅವರಿಗೆ ಹೆಸರನ್ನೂ ಕೊಟ್ಟಿತು. ಆಮೇಲೆ ‘ಪಾಪ ಪಾಂಡು’ ಮಾಡಿ ಮನೆಮನೆಯನ್ನು ನಗಿಸಿದರು. ‘ಬೊಂಬಾಟ್ ಭೋಜನ’ದಲ್ಲಿ ಒಲೆಯ ಮುಂದೆ ನಿಂತು, ಹರಟುತ್ತ, ಒಗ್ಗರಣೆ ಹಾಕುತ್ತ ನಮ್ಮ ಮನೆಯವರೇ ಆಗಿಬಿಟ್ಟರು. ಅವರ ಪತ್ನಿ ಗೀತಾ ಕೂಡ ನಟಿ. ಅವರ ಹೆಸರಿನ ಹಿಂದೆಯೂ ಅದೇ ‘ಸಿಹಿಕಹಿ’ ಇದೆ. ಮಗಳು ಹಿತಾ ಕೂಡ ಅಭಿನಯಕ್ಕೇ ಬಂದರು. ಇಬ್ಬರೂ ದುಡಿಯುವ ಮನೆ ಅದು.

ಚಂದ್ರು ಅವರ ಮೇಲೆ ನನ್ನ ದೂರಿಲ್ಲ. ಗಂಡಸು ಈರುಳ್ಳಿ ಹೆಚ್ಚಿದರೆ ಮಾನ ಹೋಗುವುದಿಲ್ಲ ಎಂದು ನಮ್ಮ ಹುಡುಗರಿಗೆ ಅವರು ನಗುನಗುತ್ತ ತೋರಿಸಿದರು. ನನ್ನ ಜಗಳ ನೋಡುವ ನಮ್ಮೊಂದಿಗೆ. ಗಂಡಸು ಟೀವಿಯಲ್ಲಿ ಅಡುಗೆ ಮಾಡಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಏಳುವ ಮಾತು ಒಂದೇ: “ಹೆಂಡತಿ ಪುಣ್ಯವಂತೆ ಕಣ್ರೀ!” ಹೆಂಗಸು ಮಾಡಿದರೆ ಕೇಳುವ ಪ್ರಶ್ನೆಯೂ ಒಂದೇ: “ಇವಳು ಇಲ್ಲಿದ್ದರೆ ಮನೇಲಿ ಯಾರು ಮಾಡ್ತಾರೆ?” ಅದೇ ಒಲೆ, ಅದೇ ಸಾಸಿವೆ. ಒಬ್ಬರದು ಕಲೆ, ಇನ್ನೊಬ್ಬರದು ಕರ್ತವ್ಯಲೋಪ!

ತರಲಾ ದಲಾಲ್ ಅವರನ್ನು ನೋಡಿ. 1966ರಲ್ಲಿ ಮುಂಬಯಿಯ ತಮ್ಮ ಮನೆಯಲ್ಲೇ ಅಡುಗೆ ತರಗತಿ ಆರಂಭಿಸಿದರು. 1974ರಲ್ಲಿ ಮೊದಲ ಪುಸ್ತಕ ಬಂತು. ಮುಂದೆ ನೂರಕ್ಕೂ ಹೆಚ್ಚು ಪುಸ್ತಕ ಬರೆದರು, ಟೀವಿಯಲ್ಲೂ ಕಲಿಸಿದರು, 2007ರಲ್ಲಿ ಪದ್ಮಶ್ರೀ ಪಡೆದರು. 2013ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಮೇಲೆ ಹಿಂದಿಯಲ್ಲಿ ಒಂದು ಚಿತ್ರ ಬಂತು. ಅದರಲ್ಲಿ ಗಂಡನ ಸಹಕಾರಕ್ಕೆ, ಮನೆ ಮತ್ತು ಕೆಲಸದ ಜಗ್ಗಾಟಕ್ಕೆ ದೊಡ್ಡ ಪಾಲು. ತಪ್ಪೆನ್ನಲಾರೆ, ಗಂಡ ಒಳ್ಳೆಯವರಿದ್ದರೆ ಹೇಳಲೇಬೇಕು. ಆದರೆ 1993ರಲ್ಲಿ ‘ಖಾನಾ ಖಜಾನಾ’ದಿಂದ ಮನೆಮಾತಾದ ಸಂಜೀವ ಕಪೂರ್ ಅವರನ್ನು, “ಹೆಂಡತಿ ಒಪ್ಪಿದರೇ? ಮಕ್ಕಳನ್ನು ಯಾರು ನೋಡಿಕೊಂಡರು?” ಎಂದು ನಮ್ಮಲ್ಲಿ ಯಾರಾದರೂ ಯೋಚಿಸಿದ್ದುಂಟೇ?

ಟೀವಿ ಹುಟ್ಟುವ ಮೊದಲೂ ಹೀಗೆಯೇ ಇತ್ತು. ದೂರ ಹೋಗಬೇಕಿಲ್ಲ. ದೇವರಾಜ ಅರಸರ ಊರೆಂದು ನಾವೆಲ್ಲ ಬಲ್ಲ ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ, 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಎಂಬ ಅರಸು ಕವಿ ‘ಸೂಪಶಾಸ್ತ್ರ’ ಬರೆದ. ಹಿಟ್ಟಿನ ತಿಂಡಿ, ಪಾನಕ, ಅನ್ನ, ಬದನೆ, ಹಲಸು ಎಲ್ಲವನ್ನೂ ಷಟ್ಪದಿಯಲ್ಲಿ ಕಟ್ಟಿದ. ಅದು ನಮ್ಮ ನೆಲದ ಹೆಮ್ಮೆ. ಆದರೆ ನನಗೆ ಒಂದು ಅನುಮಾನ. ಆ ಬದನೆಕಾಯಿಯ ಹದ ಅವನಿಗೆ ಹೇಳಿಕೊಟ್ಟವರು ಯಾರು? ಕಲ್ಲಹಳ್ಳಿಯ ಆ ಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡ ಕೈಗಳು ಯಾರವು? ಗ್ರಂಥಕ್ಕೆ ಕರ್ತೃ ಇದ್ದಾನೆ, ಒಲೆಗೆ ಇಲ್ಲ.

ಮದುವೆ ಮನೆಯ ಅಡುಗೆ ಭಟ್ಟರು, ಹೋಟೆಲಿನ ಮುಖ್ಯ ಬಾಣಸಿಗರು, ಟೀವಿಯ ಅಡುಗೆಯವರು: ಕಾಸು ಮತ್ತು ಕೀರ್ತಿ ಇರುವ ಕಡೆ ಸೌಟು ಹೆಚ್ಚಾಗಿ ಗಂಡಸಿನ ಕೈಯಲ್ಲಿ. ಕೆ.ಆರ್. ನಗರದ ಗದ್ದೆಬಯಲಿನ ಮನೆಯಲ್ಲಿ ಅನ್ನ ಬಸಿಯುವವಳು, ಎಚ್.ಡಿ. ಕೋಟೆಯಲ್ಲಿ ಮುದ್ದೆ ತೊಳಸಿ ಬಸ್ಸಾರು ಕಾಯಿಸುವವಳು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ದಿನವಿಡೀ ದುಡಿದು ಬಂದು ಮತ್ತೆ ಒಲೆ ಹಚ್ಚುವವಳು, ಇವರಿಗೆ ಅಡುಗೆ ‘ಕೆಲಸ’ ಎಂಬ ಹೆಸರೂ ಪಡೆದಿಲ್ಲ. “ಏನು ಮಾಡ್ತೀಯವ್ವಾ?” ಎಂದರೆ “ಏನಿಲ್ಲ, ಮನೇಲಿದೀನಿ” ಎನ್ನುತ್ತಾರೆ.

ಆ ‘ಏನಿಲ್ಲ’ದ ಲೆಕ್ಕವನ್ನು ಸರ್ಕಾರವೇ ಕೊಟ್ಟಿದೆ. 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. 289 ನಿಮಿಷವೆಂದರೆ ನಮ್ಮ ಶಾಲೆಯಲ್ಲಿ ನಲವತ್ತು ನಿಮಿಷದ ಏಳು ಪೀರಿಯಡ್ಡು! ಅಷ್ಟು ಪಾಠ ಮಾಡಿದರೆ ನನಗೆ ಸಂಬಳವಿದೆ, ರಜೆಯಿದೆ.

ಶಾಲೆಯ ಬಿಸಿಯೂಟವನ್ನೇ ನೋಡಿ. ಮಕ್ಕಳಿಗೆ ಬಡಿಸುವ ಮುನ್ನ ರುಚಿ ನೋಡುವುದು ಶಿಕ್ಷಕರ ಜವಾಬ್ದಾರಿ. ಹಾಗಾಗಿ ನೂರಾರು ಮಕ್ಕಳ ಸಾಂಬಾರಿಗೆ ಕಣ್ಣಳತೆಯಲ್ಲೇ ಉಪ್ಪು ಹಾಕುವ ಕೈಗಳನ್ನು ನಾನು ಬಲ್ಲೆ. ಆ ಕೈಗಳಿಗೆ ಸಿಗುವುದು ವೇತನವಲ್ಲ, ‘ಗೌರವ ಸಂಭಾವನೆ’. ಕೇಂದ್ರದ ಲೆಕ್ಕದಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ಸರ್ಕಾರ ಮೇಲೆ ಸೇರಿಸುತ್ತದೆ, ನಿಜ. ಸೇರಿಸಿದರೂ ಅದರಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ಹೆಚ್ಚು ಕೇಳಿದರೆ ಬೀದಿಗಿಳಿದು ಧರಣಿ ಕೂರಬೇಕು. ಹೆಸರಿನಲ್ಲಿ ಗೌರವ ಸೇರಿಸಿ ದುಡ್ಡಿನಲ್ಲಿ ಕಳೆಯುವ ಈ ಗಣಿತವನ್ನು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ನನಗೆ ಕಲಿಸಲಿಲ್ಲ.

“ಹೆಂಗಸಿಗೆ ಅಡುಗೆ ಪ್ರೀತಿ ಅಲ್ಲವೇ, ಪ್ರೀತಿಗೆ ಲೆಕ್ಕ ಹಾಕಬಹುದೇ?” ಎಂದು ಕೇಳುವವರಿದ್ದಾರೆ. ಟೀವಿಯಲ್ಲಿ ಅಡುಗೆ ಮಾಡುವವರಿಗೂ ಅಡುಗೆ ಪ್ರೀತಿಯೇ. ಅವರು ಸಂಭಾವನೆ ಬೇಡವೆನ್ನುವುದಿಲ್ಲ, ಯಾರೂ ಬೇಡವೆನ್ನಿ ಎಂದು ಕೇಳುವುದೂ ಇಲ್ಲ. ಪ್ರೀತಿಯ ಮಾತು ಎತ್ತುವುದು ನಮ್ಮ ಮುಂದೆ ಮಾತ್ರ.

ಸೋದರಿಯರೆ, ಅಡುಗೆ ಕಾರ್ಯಕ್ರಮ ನೋಡುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ. ಆದರೆ ನೋಡುವಾಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಗಿದ ಮೇಲೆ ಸೌಟು ಅವನ ಕೈಗೆ ಕೊಡಿ, ಪಾತ್ರೆ ತೊಳೆಯುವುದನ್ನೂ ಸೇರಿಸಿ. ಟೀವಿಯಲ್ಲಿ ಎಂದೂ ತೋರಿಸದ ಭಾಗ ಅದೇ. ಹೆಂಗಸೊಬ್ಬಳು ಪರದೆಯ ಮೇಲೆ ಬಂದಾಗ ಅವಳ ಮನೆಯ ಒಲೆಯ ಚಿಂತೆ ಬಿಟ್ಟು ಅವಳ ಸಾರಿನ ಹದ ನೋಡಿ. ಯಾರಾದರೂ ನಿಮ್ಮನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ‘ಏನಿಲ್ಲ’ ಎನ್ನಬೇಡಿ. ದಿನಕ್ಕೆ ಏಳು ಪೀರಿಯಡ್ ಕೆಲಸ ಮಾಡುತ್ತೇನೆ, ಭಾನುವಾರವೂ ರಜೆಯಿಲ್ಲ ಎನ್ನಿ.